ಟಚ್ ಫೋನ್ ಬಂತು, ಕನ್ನಡ ಬರಲಿಲ್ಲ

ಅಡುಗೆ ಮಾಡ್ತಾ ಕೇಳ್ತಿರೋರಿಗೆ, ಬೈಕ್ ಓಡಿಸ್ತಾ ಕೇಳ್ತಿರೋರಿಗೆ (ಬೇಡ ಕಣ್ರೀ, ಸೈಡಿಗೆ ನಿಲ್ಲಿಸಿ ಕೇಳಿ), ಮಾರಿಕುಪ್ಪಂ ಟ್ರೈನಲ್ಲಿ ಸೀಟು ಸಿಗದೆ ನಿಂತಿರೋ ನಮ್ಮೂರಿನವರಿಗೆ, ಎಲ್ಲರಿಗೂ ಸ್ವಾಗತ.

ಹೋದ ವಾರ ಬಂಗಾರಪೇಟೆಯಿಂದ ಒಬ್ಬ ಪಿಯುಸಿ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಕ್ಕಾ, ಬೀರು ಕ್ಲೀನ್ ಮಾಡುವಾಗ ನಮ್ಮಪ್ಪನ ನೋಕಿಯಾ 5233 ಸಿಕ್ತು. ಆ ಕಾಲಕ್ಕೆ ಅದು ಒಳ್ಳೇ ಫೋನಾ? ಗ್ಯಾಲಕ್ಸಿ ವೈ ಒಳ್ಳೇದಾ? ಐಫೋನ್ ಜೊತೆ ಇಟ್ಟು ನೋಡಿದ್ರೆ ಹೇಗೆ?" ಅಂತ. ಆ ಕಾಲ ಅಂತೆ! 2010ರ ಮಾತು ಕಣಪ್ಪಾ ಅದು. ನನಗಿನ್ನೂ ಮೂವತ್ತು ತುಂಬಿಲ್ಲ.

ನಾನು ಓದಿದ್ದು ಬಿಕಾಂ. ಇಂಥ ಪ್ರಶ್ನೆ ಬಂದ್ರೆ ಕೈ ತಾನಾಗೇ ಎಕ್ಸೆಲ್ ಕಡೆ ಹೋಗುತ್ತೆ. ಮೂರು ಕಾಲಂ ಹಾಕಿದೆ: 2008ರ ಐಫೋನ್ 3ಜಿ, 2010ರ ನೋಕಿಯಾ 5233, 2011ರ ಕೊನೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ. ಮೊದಲು ಪರದೆ. ಐಫೋನ್ 3ಜಿಯದು ಮೂರೂವರೆ ಇಂಚು, 320 ಗುಣಿಸು 480, ಅಂದ್ರೆ 1,53,600 ಪಿಕ್ಸೆಲ್. 5233ರದು 3.2 ಇಂಚು, 360 ಗುಣಿಸು 640, ಅಂದ್ರೆ 2,30,400. ಗ್ಯಾಲಕ್ಸಿ ವೈ ಮೂರು ಇಂಚು, 240 ಗುಣಿಸು 320, ಬರೀ 76,800.

ಇನ್ನೊಂದ್ಸಲ ಕೇಳಿಸ್ಕೊಳ್ಳಿ. ಎಲ್ಲಕ್ಕಿಂತ ಆಮೇಲೆ ಬಂದ ಗ್ಯಾಲಕ್ಸಿ ವೈನಲ್ಲಿ ಇದ್ದದ್ದು ಐಫೋನಿನ ಅರ್ಧ ಪಿಕ್ಸೆಲ್, ನೋಕಿಯಾದ ಮೂರನೇ ಒಂದು ಪಾಲು. ಲೆಕ್ಕ ಸರಿಯಾಗಿ ಅರ್ಧ, ಸರಿಯಾಗಿ ಮೂರನೇ ಒಂದು, ಚಿಲ್ಲರೆ ಇಲ್ಲ. ಆದರೂ ನಮ್ಮ ಬೀದಿಯಲ್ಲಿ ಹುಡುಗರು 5233 ಮಾರಿ ಗ್ಯಾಲಕ್ಸಿ ವೈ ತಗೊಂಡ್ರು. ಯಾರೂ 'ಹಿಂದಕ್ಕೆ ಹೋದೆ' ಅಂತ ಅಂದುಕೊಳ್ಳಲಿಲ್ಲ. ಯಾಕೆ ಅನ್ನೋದು ಆಮೇಲೆ ಹೇಳ್ತೀನಿ.

ಕ್ಯಾಮೆರಾ ವಿಷಯ ಬೇಗ ಮುಗಿಸ್ತೀನಿ. ಮೂರಕ್ಕೂ 2 ಮೆಗಾಪಿಕ್ಸೆಲ್. ಮೂರಕ್ಕೂ ಫ್ಲ್ಯಾಶ್ ಇಲ್ಲ, ಮೂರಕ್ಕೂ ಮುಂದಿನ ಕ್ಯಾಮೆರಾ ಇಲ್ಲ. ವ್ಯತ್ಯಾಸ ಏನಪ್ಪಾ ಅಂದ್ರೆ ಐಫೋನ್ 3ಜಿಯಲ್ಲಿ ವಿಡಿಯೋ ತೆಗೆಯೋಕೆ ಆಗ್ತಿರಲಿಲ್ಲ. ಮಾರಾಟಕ್ಕೆ ಬಂದಾಗ ಅದರಲ್ಲಿ ಕಾಪಿ-ಪೇಸ್ಟ್ ಕೂಡ ಇರಲಿಲ್ಲ. ಅದು ಬಂದದ್ದು 2009ರ ಜೂನ್‌ನಲ್ಲಿ, ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ.

ಈಗ ಬೆಲೆ. ಐಫೋನ್ 3ಜಿ ಭಾರತಕ್ಕೆ ಬಂದದ್ದು 2008ರ ಆಗಸ್ಟ್ 22ಕ್ಕೆ. ಏರ್‌ಟೆಲ್ ಮತ್ತು ವೊಡಾಫೋನ್ ಮಾರಿದ್ವು. 8 ಜಿಬಿಯದಕ್ಕೆ 31,000 ರೂಪಾಯಿ. ಹೆಸರಲ್ಲೇ 3ಜಿ ಇದೆ, ಆದರೆ ಆ ಎರಡು ಕಂಪನಿಗಳ ಹತ್ತಿರ ಆಗ ಇಲ್ಲಿ 3ಜಿಯೇ ಇರಲಿಲ್ಲ! ಖಾಸಗಿ ಕಂಪನಿಗಳಿಗೆ 3ಜಿ ತರಂಗಾಂತರ ಹರಾಜಾಗಿದ್ದು 2010ರಲ್ಲಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಜನ ಆ ಫೋನಲ್ಲಿ 2ಜಿ ಓಡಿಸಿದ್ರು. 2009ರಲ್ಲಿ ಭಾರತಕ್ಕೆ ಮೊದಲ ಆಂಡ್ರಾಯ್ಡ್ ಫೋನ್ ಬಂತು, ಎಚ್‌ಟಿಸಿ ಮ್ಯಾಜಿಕ್. ಅದೂ 30 ಸಾವಿರದ ಹತ್ತಿರ.

ನಮ್ಮ ಮನೆ ಲೆಕ್ಕ ಹೇಳ್ತೀನಿ. ನಮ್ಮದು ಚಾಂಪಿಯನ್ ರೀಫ್ಸ್. ಗೊತ್ತಿಲ್ಲದೋರಿಗೆ ಹೇಳೋದಾದ್ರೆ, ಕೆಜಿಎಫ್‌ನಲ್ಲಿ ಅತಿ ಆಳದ ಗಣಿ ಇದ್ದ ಜಾಗ, ಮೂರು ಕಿಲೋಮೀಟರಿಗಿಂತ ಆಳ. ಬೆಂಗಳೂರಿಗಿಂತ ಮೊದಲೇ, 1902ರಲ್ಲಿ, ಶಿವನಸಮುದ್ರದಿಂದ ಈ ಗಣಿಗಳಿಗೆ ಕರೆಂಟ್ ಬಂದಿತ್ತು. ಸಿನಿಮಾ ನೋಡಿ ಬರೋರು ಸೈನೈಡ್ ದಿಬ್ಬದ ಮುಂದೆ ನಿಂತು ಫೋಟೊ ತೆಗೆಸ್ಕೊಂಡು ಹೋಗ್ತಾರೆ, ಈ ಕಥೆ ಯಾರೂ ಕೇಳಲ್ಲ, ಅದಕ್ಕೆ ಹೇಳಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆಮೇಲೆ ಅಪ್ಪ ಬೆಳಗಿನ ಟ್ರೈನ್ ಹಿಡಿದು ವೈಟ್‌ಫೀಲ್ಡ್ ಕಡೆ ಒಂದು ಗೋಡೌನಿಗೆ ಕೆಲಸಕ್ಕೆ ಹೋಗೋಕೆ ಶುರುಮಾಡಿದ್ರು. 2008ರಲ್ಲಿ ಅವರ ಸಂಬಳ ಆರೂವರೆ ಸಾವಿರ. ಒಂದು ಐಫೋನ್ ಅಂದ್ರೆ ಹತ್ತಿರ ಹತ್ತಿರ ಐದು ತಿಂಗಳು ಮನೇಲಿ ಅಕ್ಕಿ, ಬಾಡಿಗೆ, ಟ್ರೈನ್ ಪಾಸ್, ಏನೂ ಇಲ್ಲದೆ ಬದುಕಬೇಕಿತ್ತು. ಹಾಗಾಗಿ ಐಫೋನನ್ನು ನಾವು ಹೋಲಿಸಲೇ ಇಲ್ಲ. ಅದು ಟಿವಿಯಲ್ಲಿ ನೋಡುವ ವಸ್ತು, ವಿಮಾನದ ಥರ.

ಹೋಲಿಕೆ ಶುರುವಾಗಿದ್ದು ಏಳೆಂಟು ಸಾವಿರದ ಸುತ್ತ. ಅದಕ್ಕಿಂತ ಮೊದಲು ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಬಂದಿತ್ತು. ಘೋಷಣೆ ಆಗಿದ್ದು 2008ರ ಅಕ್ಟೋಬರ್‌ನಲ್ಲಿ. ವೈ-ಫೈ, 3ಜಿ, ಜಿಪಿಎಸ್, ಎಲ್ಲಾ ಇತ್ತು, ಆದರೆ ಬೆಲೆ 20 ಸಾವಿರ ದಾಟಿತ್ತು. 5233 ಅಂದ್ರೆ ಅದರ ಬಡ ತಮ್ಮ. ಅದೇ ಅಳತೆಯ ಪರದೆ, ಅದೇ ಥರದ ಮೆನು. ವೈ-ಫೈ ತೆಗೆದ್ರು, 3ಜಿ ತೆಗೆದ್ರು, ಜಿಪಿಎಸ್ ತೆಗೆದ್ರು, ಬೆಲೆ ಇಳಿಸಿದ್ರು. ನಮ್ಮೂರಲ್ಲಿ ಆಗ ವೈ-ಫೈ ಯಾರ ಮನೇಲಿತ್ತು? 3ಜಿ ಎಲ್ಲಿತ್ತು? ಇಲ್ಲದ್ದನ್ನ ತೆಗೆದು ದುಡ್ಡು ಉಳಿಸಿಕೊಟ್ರೆ ಬೇಡ ಅನ್ನೋದು ಯಾರು?

ಟಚ್ ವಿಷಯಕ್ಕೆ ಬರೋಣ. ಇಲ್ಲಿ ಎರಡು ಜಾತಿ. 5800, 5233 ಇವೆಲ್ಲ ರೆಸಿಸ್ಟಿವ್. ಪರದೆಯಲ್ಲಿ ಎರಡು ತೆಳು ಪದರ, ನಡುವೆ ಸಣ್ಣ ಸಂದು. ಒತ್ತಿದ್ರೆ ಮೇಲಿನ ಪದರ ಬಗ್ಗಿ ಕೆಳಗಿನದನ್ನ ಮುಟ್ಟುತ್ತೆ, ಎಲ್ಲಿ ಮುಟ್ಟಿತು ಅಂತ ಫೋನಿಗೆ ಗೊತ್ತಾಗುತ್ತೆ. ಏನರಲ್ಲಿ ಒತ್ತಿದ್ರಿ ಅನ್ನೋದು ಅದಕ್ಕೆ ಬೇಕಿಲ್ಲ. ಉಗುರು, ಪೆನ್ನಿನ ಮುಚ್ಚಳ, ಕೈಗವಸು ಹಾಕಿದ ಬೆರಳು, ಎಲ್ಲಾ ನಡೆಯುತ್ತೆ. ಬೆಮೆಲ್‌ನಲ್ಲಿ ಕೆಲಸ ಮಾಡೋ ನಮ್ಮ ಮಾವ ಗ್ಲೌಸ್ ತೆಗೀದೆ ಕಾಲ್ ಎತ್ತುತ್ತಿದ್ರು. ಅಜ್ಜಿಗೆ ಅದೇ ಸುಲಭ. ಗುಂಡಿ ಒತ್ತಿದ ಹಾಗೆ ಗಟ್ಟಿಯಾಗಿ ಒತ್ತಬಹುದು. ಆದರೆ ಎರಡು ಬೆರಳಿಟ್ಟು ಫೋಟೊ ಹಿಗ್ಗಿಸೋದು ಅದರಲ್ಲಿ ಆಗಲ್ಲ.

ಐಫೋನ್, ಗ್ಯಾಲಕ್ಸಿ ವೈ ಇವು ಕೆಪ್ಯಾಸಿಟಿವ್. ನಮ್ಮ ಮೈ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತಲ್ಲ, ಬೆರಳು ಹತ್ತಿರ ಬಂದ ತಕ್ಷಣ ಗಾಜಿನ ಅಡಿಯ ಪದರದಲ್ಲಿ ಆಗೋ ಸಣ್ಣ ಬದಲಾವಣೆಯನ್ನ ಅದು ಹಿಡಿಯುತ್ತೆ. ಒತ್ತೋದೇ ಬೇಡ, ಸವರಿದ್ರೆ ಸಾಕು. ಹುಡುಗರು 76,800 ಪಿಕ್ಸೆಲ್‌ಗೆ ಒಪ್ಪಿಕೊಂಡಿದ್ದು ಮುಖ್ಯವಾಗಿ ಈ ಸವರುವ ಸುಖಕ್ಕೆ. ಜೊತೆಗೆ 3ಜಿ, ವೈ-ಫೈ, ಆ್ಯಪ್ ಅಂಗಡಿ. ಫೋನಿನ ಒಳಗೆ ಆ್ಯಪ್‌ಗೆ ಉಳಿಯುತ್ತಿದ್ದ ಜಾಗ ಇನ್ನೂರು ಎಂಬಿಯೂ ಇಲ್ಲ, ಇವತ್ತಿನ ಒಂದು ದೊಡ್ಡ ಆ್ಯಪ್ ಕೂಡ ಅದರಲ್ಲಿ ಹಿಡಿಯಲ್ಲ. ಆಗ ಒಂದು ಹಾಕೋಕೆ ಇನ್ನೊಂದು ತೆಗೀಬೇಕಿತ್ತು, ಎಲ್ಲರೂ ತೆಗೀತಾ ಇದ್ರು.

ಇನ್ನೊಂದು ಹೋಲಿಕೆ ಯಾವ ಪತ್ರಿಕೆಯ ಸ್ಪೆಕ್ ಪಟ್ಟಿಯಲ್ಲೂ ಸರಿಯಾಗಿ ಬರ್ತಿರಲಿಲ್ಲ: ಹಾಡು. ರಾಬರ್ಟ್‌ಸನ್‌ಪೇಟೆಯಲ್ಲಿ ಮೆಮೊರಿ ಕಾರ್ಡ್ ಕೊಟ್ರೆ ಕಂಪ್ಯೂಟರಿಗೆ ಹಾಕಿ ಹಾಡು ತುಂಬಿಸಿ ಕೊಡೋರು. ತಮಿಳು, ಕನ್ನಡ, ತೆಲುಗು, ಹಿಂದಿ, ಎಲ್ಲಾ ಬೇರೆ ಬೇರೆ ಫೋಲ್ಡರ್. ಒಬ್ಬ ತುಂಬಿಸ್ಕೊಂಡು ಬಂದ್ರೆ ಬ್ಲೂಟೂತ್‌ನಲ್ಲಿ ಇಡೀ ಬೀದಿಗೆ. ಐಫೋನಿಗೆ ಮೆಮೊರಿ ಕಾರ್ಡ್ ಇಲ್ಲ, ಬ್ಲೂಟೂತ್‌ನಲ್ಲಿ ಬೇರೆ ಫೋನಿಗೆ ಹಾಡು ಕಳಿಸೋಕಾಗಲ್ಲ, ಎಫ್‌ಎಂ ಇಲ್ಲ, ಬ್ಯಾಟರಿ ಬಿಚ್ಚೋಕಾಗಲ್ಲ. ಅಕಸ್ಮಾತ್ ಯಾರಾದ್ರೂ ನಮ್ಮ ಲೈನ್ ಮನೆಗೆ ಒಂದು ಐಫೋನ್ ಪುಕ್ಕಟೆ ತಂದುಕೊಟ್ಟಿದ್ರೂ ಒಂದು ವಾರ ಮುಟ್ಟಿ ನೋಡಿ ಮಾರಿಬಿಡ್ತಿದ್ವಿ ಅಂತ ನನ್ನ ಅನಿಸಿಕೆ.

ಹಾಗಾಗಿ ಬಂಗಾರಪೇಟೆ ತಮ್ಮನಿಗೆ ಉತ್ತರ: 2011ರ ತನಕ ನಮ್ಮ ಕಡೆಗೆ 5233 ಚೆನ್ನಾಗಿ ಹೊಂದುತ್ತಿದ್ದ ಫೋನ್. ಅದಾದ ಮೇಲೆ ಗ್ಯಾಲಕ್ಸಿ ವೈ. ನಿಮ್ಮಪ್ಪನ ಆಯ್ಕೆ ಸರಿಯಾಗೇ ಇತ್ತು. ಒಂದು ಮಾತು, ಚಾರ್ಜಿಗೆ ಹಾಕೋ ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯಾ ನೋಡು. ಉಬ್ಬಿದ್ರೆ ಹಾಕಬೇಡ. ಮೆಮೊರಿ ಕಾರ್ಡ್ ಮಾತ್ರ ತೆಗೆದಿಟ್ಕೊ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎಕ್ಸೆಲ್ ಮುಗಿಸಿದ ಮೇಲೆ ನೋಡಿದೆ, ನಮ್ಮ ಮನೇಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟ ವಿಷಯಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಅಕ್ಷರ.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಮನೇಲಿ ಕನ್ನಡ, ಬೀದೀಲಿ ತಮಿಳು, ಅಂಗಡೀಲಿ ತೆಲುಗು, ಎಲ್ಲಾ ಮಾತಾಡ್ತಾರೆ. ಓದೋಕೆ ಬರೋದು ಕನ್ನಡ ಮಾತ್ರ. ಆದರೆ ಚೆನ್ನಾಗಿ ಓದ್ತಾರೆ. ಟ್ರೈನಲ್ಲಿ ಒಂದು ಪೇಪರ್ ಕೊಂಡ್ರೆ ವೈಟ್‌ಫೀಲ್ಡ್ ಬರೋದ್ರೊಳಗೆ ಟೆಂಡರ್ ಜಾಹೀರಾತೂ ಬಿಡದೆ ಮುಗಿಸೋರು. ಸುತ್ತ ಕೂತೋರಿಗೆ ಗಟ್ಟಿಯಾಗಿ ಓದಿ ಹೇಳೋರು.

2012ರಲ್ಲಿ ನಮ್ಮ ಮನೆಗೆ ಮೊದಲ ಟಚ್ ಫೋನ್ ಬಂತು. ಕಂಪನಿ ಹೆಸರು ಬೇಡ, ಆ ಬೆಲೆಗೆ ಆಗ ಸಿಗ್ತಿದ್ದ ಎಷ್ಟೋ ಫೋನ್‌ಗಳ ಕಥೆ ಇದೇ. ಅಪ್ಪನಿಗೆ ಖುಷಿಯೋ ಖುಷಿ. ಆಗ ನಮ್ಮೂರಲ್ಲಿ ಯಾವಾಗಲೂ ಒಂದು ಸುದ್ದಿ ಓಡಾಡ್ತಾ ಇತ್ತು: ಗಣಿ ಮತ್ತೆ ತೆರೀತಾರಂತೆ, ಕ್ವಾರ್ಟರ್ಸ್ ಮನೆ ನಮ್ಮ ಹೆಸರಿಗೆ ಮಾಡ್ತಾರಂತೆ, ಬಾಕಿ ದುಡ್ಡು ಬರುತ್ತಂತೆ. ಹಳೇ ಗಣಿ ಕೆಲಸಗಾರರು ಒಬ್ಬರಿಗೊಬ್ಬರು ಮೆಸೇಜ್ ಕಳಿಸ್ತಾ ಇದ್ರು. ಅವರ ಮಕ್ಕಳು ಟೈಪ್ ಮಾಡಿಕೊಡ್ತಿದ್ರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಇಲ್ಲಾ ತಮಿಳು. ಯಾರಾದ್ರೂ ಕನ್ನಡ ಸುದ್ದಿಯ ಲಿಂಕ್ ಕಳಿಸಿದ್ರೆ ತೆರೆದಾಗ ಪರದೆ ತುಂಬಾ ಚೌಕ. ಡಬ್ಬಿ, ಡಬ್ಬಿ, ಡಬ್ಬಿ, ನಡುವೆ ಒಂದು ಫುಲ್‌ಸ್ಟಾಪ್, ಮತ್ತೆ ಡಬ್ಬಿ. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು "ಏನು ಬರೆದವ್ರೆ ನೋಡಮ್ಮ" ಅನ್ನೋರು. ಇಂಗ್ಲಿಷ್ ಅಕ್ಷರದ ಮೆಸೇಜ್ ನಾನು ಓದಿ ಹೇಳ್ತಿದ್ದೆ. ಡಬ್ಬಿ ಇದ್ರೆ ನನಗೂ ಓದೋಕಾಗ್ತಿರಲಿಲ್ಲ. ಟ್ರೈನಲ್ಲಿ ಹತ್ತು ಜನಕ್ಕೆ ಪೇಪರ್ ಓದಿ ಹೇಳೋ ಮನುಷ್ಯ, ಜೇಬಿನಲ್ಲಿದ್ದ ಆರೇಳು ಸಾವಿರದ ವಸ್ತು ಅವರನ್ನ ಓದು ಬಾರದೋರ ಸಾಲಿಗೆ ನಿಲ್ಲಿಸ್ತು.

ಯಾಕೆ ಹೀಗಾಗ್ತಿತ್ತು? ಫೋನಿಗೆ ಎರಡು ವಸ್ತು ಬೇಕು. ಒಂದು ಫಾಂಟ್, ಅಂದ್ರೆ ಅಕ್ಷರದ ಚಿತ್ರಗಳು. ಅದಿಲ್ಲದಿದ್ರೆ ಡಬ್ಬಿ. ಎರಡನೇದು, ಆ ಚಿತ್ರಗಳನ್ನ ಸರಿಯಾಗಿ ಜೋಡಿಸೋ ಸಾಫ್ಟ್‌ವೇರ್. 'ಚಿನ್ನ' ಅಂತ ಬರೀಬೇಕಾದ್ರೆ ಯೂನಿಕೋಡ್‌ನಲ್ಲಿ ಇರೋದು ಚ, ಗುಡಿಸು, ನ, ವಿರಾಮದ ಗುರುತು, ಇನ್ನೊಂದು ನ. ಗುಡಿಸನ್ನು ಚಕಾರಕ್ಕೆ ಬೆಸೆಯೋದು, ಎರಡನೇ ನಕಾರವನ್ನ ಒತ್ತಾಗಿ ಕೆಳಗಿಡೋದು ಫೋನಿನ ಕೆಲಸ. ಆ ಕೆಲಸ ಬಾರದ ಫೋನಿಗೆ ಬರೀ ಫಾಂಟ್ ತುಂಬಿದ್ರೆ 'ಚಿನ್‌ನ' ಅಂತ ಬರುತ್ತೆ. 'ಅಪ್ಪ' ಹೋಗಿ 'ಅಪ್‌ಪ' ಆಗುತ್ತೆ. ಕೆಲವು ಹುಡುಗರು ಫೋನ್ ರೂಟ್ ಮಾಡಿ ಕನ್ನಡ ಫಾಂಟ್ ಹಾಕ್ಕೊಳ್ತಿದ್ರು, ವಾರಂಟಿ ಹೋದ್ರೂ ಪರವಾಗಿಲ್ಲ ಅಂತ. ಸಿಗ್ತಿದ್ದದ್ದು ಇದೇ, ಕಾಲು ಮುರಿದ ಕನ್ನಡ. ಪಕ್ಕದ ಮನೆ ತಮಿಳು ಗೆಳತಿಗೆ ಈ ವಿಷಯದಲ್ಲಿ ಕಷ್ಟ ಕಮ್ಮಿ. ತಮಿಳಿನಲ್ಲಿ ಒತ್ತಕ್ಷರ ಹೆಚ್ಚೂ ಕಮ್ಮಿ ಇಲ್ಲ, ಅಕ್ಷರದ ಮೇಲೆ ಒಂದು ಚುಕ್ಕಿ ಇಟ್ಟು ಪಕ್ಕದಲ್ಲಿ ಇನ್ನೊಂದು ಬರೀತಾರೆ. ಕೊಂಬು ಆಚೀಚೆ ಹೋದ್ರೂ ಊಹೆ ಮಾಡಿ ಓದಬಹುದು. ನಮ್ಮದು ಅಂತಸ್ತಿನ ಮನೆ, ಮೇಲೆ ಕೆಳಗೆ ಕಟ್ಟಲೇಬೇಕು.

ಒಂದು ಉಪಾಯ ಇತ್ತು. ಮೂವತ್ತರ ಹತ್ತಿರ ಇರೋ ಕೇಳುಗರಿಗೆ ಈಗ ನಗು ಬರುತ್ತೆ ನೋಡಿ. ಒಪೆರಾ ಮಿನಿ! ಅದರ ಅಡ್ರೆಸ್ ಬಾರ್‌ನಲ್ಲಿ 'ಒಪೆರಾ, ಕೋಲನ್, ಕಾನ್ಫಿಗ್' ಅಂತ ಟೈಪ್ ಮಾಡಿದ್ರೆ ಒಂದು ಗುಟ್ಟಿನ ಪುಟ ತೆರೀತಿತ್ತು. ಕೆಳಗೆ ಹೋದ್ರೆ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕಾ ಅಂತ ಒಂದು ಸಾಲು. ಅದನ್ನ 'ಯೆಸ್' ಮಾಡಿ ಸೇವ್ ಮಾಡಿದ್ರೆ ಮುಗೀತು, ಕನ್ನಡ ಪುಟ ಕನ್ನಡದಲ್ಲೇ ಕಾಣೋದು. ಹೇಗೆ ಅಂದ್ರೆ, ಒಪೆರಾದ ಸರ್ವರ್ ಅಕ್ಷರಗಳನ್ನ ಅಲ್ಲೇ ಜೋಡಿಸಿ, ಚಿತ್ರ ಮಾಡಿ ನಮಗೆ ಕಳಿಸ್ತಿತ್ತು. ಫೋನಿಗೆ ಕನ್ನಡ ಬರಬೇಕಾಗೇ ಇರಲಿಲ್ಲ. ಡೇಟಾ ಸ್ವಲ್ಪ ಹೆಚ್ಚು ತಿನ್ನುತ್ತಿತ್ತು. ಐದಾರು ರೂಪಾಯಿಯ ಒಂದು ದಿನದ ಪ್ಯಾಕ್‌ನಲ್ಲಿ ಎಷ್ಟು ಸುದ್ದಿ ಓದಬಹುದು ಅಂತ ಲೆಕ್ಕ ಇಟ್ಟು ಓದಬೇಕಿತ್ತು. ಈ ಉಪಾಯ ನನಗೆ ಹೇಳಿಕೊಟ್ಟಿದ್ದು ಟ್ಯೂಷನ್‌ನ ಒಬ್ಬ ಸೀನಿಯರ್ ಅಣ್ಣ. ಸಂಜೆ ಮನೆಗೆ ಬಂದು ಅಪ್ಪನ ಫೋನಲ್ಲಿ ಮಾಡಿಕೊಟ್ಟೆ. ಆ ರಾತ್ರಿ ಅವರು ಊಟಕ್ಕೆ ಎದ್ದಿದ್ದು ಅಮ್ಮ ಮೂರನೇ ಸಲ ಕೂಗಿದ ಮೇಲೆ.

ಆದರೆ ಅದು ಓದೋಕೆ ಮಾತ್ರ, ಅದೂ ಆ ಬ್ರೌಸರ್ ಒಳಗೆ ಮಾತ್ರ. ಮೆಸೇಜ್ ಬಾಕ್ಸ್‌ನಲ್ಲಿ ಮತ್ತೆ ಡಬ್ಬಿ. ಫೋನಿಗೆ ಕನ್ನಡ ಬಂದಿದ್ರೂ ಎಸ್ಸೆಮ್ಮೆಸ್‌ನಲ್ಲಿ ಇನ್ನೊಂದು ತೊಡಕಿತ್ತು, ಇದು ಪಕ್ಕಾ ಬಿಕಾಂ ವಿಷಯ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್ಸೆಮ್ಮೆಸ್ ಅಂದ್ರೆ 160 ಅಕ್ಷರ. ಕನ್ನಡದಲ್ಲಿ 70. ಆ ಎಪ್ಪತ್ತರಲ್ಲಿ ಗುಡಿಸು, ಕೊಂಬು, ವಿರಾಮದ ಗುರುತು ಎಲ್ಲಾ ಒಂದೊಂದಾಗಿ ಲೆಕ್ಕಕ್ಕೆ. 'ಚಾಂಪಿಯನ್ ರೀಫ್ಸ್' ಅಂತ ಕನ್ನಡದಲ್ಲಿ ಬರೆದ್ರೆ ನಡುವಿನ ಜಾಗ ಸೇರಿ 15, ಇಂಗ್ಲಿಷಿನಲ್ಲಿ 14. ಬಳಸಿದ್ದು ಹೆಚ್ಚೂ ಕಮ್ಮಿ ಅಷ್ಟೇ, ಆದರೆ ನಮ್ಮ ಚೀಲ ಅರ್ಧಕ್ಕಿಂತ ಸಣ್ಣದು. ಅದೇ ಸುದ್ದಿ ಕನ್ನಡದಲ್ಲಿ ಕಳಿಸಿದ್ರೆ ಎರಡು ಮೂರು ಮೆಸೇಜಿನ ದುಡ್ಡು ಕಟ್ ಆಗೋದು. 'ಈಗಿನ ಹುಡುಗರಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲ, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ' ಅಂತ ವೇದಿಕೆ ಮೇಲೆ ಬೈಯೋರನ್ನ ನಾನು ಬಹಳ ಕೇಳಿದ್ದೀನಿ. ಪ್ರೀತಿ ಇತ್ತು ಸ್ವಾಮಿ, ಬ್ಯಾಲೆನ್ಸ್ ಇರಲಿಲ್ಲ.

ಆಂಡ್ರಾಯ್ಡ್ 4.1, ಜೆಲ್ಲಿ ಬೀನ್ ಅಂತ ಕರೀತಿದ್ರಲ್ಲ, ಅದು ಬಂದದ್ದು 2012ರ ಜುಲೈನಲ್ಲಿ. ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಗೂಗಲ್ ಆಂಡ್ರಾಯ್ಡ್ ಒಳಗೇ ಬೆಂಬಲ ಕೊಟ್ಟಿದ್ದು ಆ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಕೆಲವು ಕಂಪನಿಗಳು ತಾವೇ ಫಾಂಟ್ ಸೇರಿಸಿ ಕೊಡ್ತಿದ್ದದ್ದು ಬೇರೆ ಮಾತು. ಗ್ಯಾಲಕ್ಸಿ ವೈನಲ್ಲಿ ಇದ್ದದ್ದು 2.3. ಅಂದ್ರೆ ಆ ಬೆಲೆಯ ಫೋನ್‌ಗಳಿಗೆ ಜೆಲ್ಲಿ ಬೀನ್ ಇಳಿದು ಬರೋಕೆ ಇನ್ನೂ ಒಂದೆರಡು ವರ್ಷ ಹಿಡೀತು. ಆಮೇಲೆ ಕೀಬೋರ್ಡ್‌ಗಳು ಬಂದ್ವು. ಐಐಟಿ ಬಾಂಬೆಯವರ ಸ್ವರಚಕ್ರ ನೆನಪಿದೆಯಾ? ಕಕಾರ ಒತ್ತಿ ಹಿಡಿದ್ರೆ ಸುತ್ತ ಚಕ್ರದ ಹಾಗೆ ಕಾಗುಣಿತ ಬರೋದು. ನನಗೆ ಅದು ಕೈ ಹತ್ತಲಿಲ್ಲ, ನನ್ನ ತಂಗಿ ಮಾತ್ರ ಅದರಲ್ಲಿ ಪಟಪಟ ಅಂತ ಬರೀತಿದ್ಳು. ಇನ್ನು ಐಫೋನ್. ಕನ್ನಡ ಕೀಬೋರ್ಡ್ ಅದರೊಳಗೇ ಬಂದದ್ದು ಐಓಎಸ್ 11ರಲ್ಲಿ, 2017ಕ್ಕೆ. ಮೊದಲ ಐಫೋನ್ ಬಂದದ್ದು 2007ಕ್ಕೆ. ಹತ್ತು ವರ್ಷ! ನಾನು ಆ ಫೋನ್ ಕೊಳ್ಳೋಕಾಗಲಿಲ್ಲ ಅನ್ನೋ ಬೇಜಾರು ಈ ಲೆಕ್ಕ ಹಾಕಿದ ಮೇಲೆ ಸ್ವಲ್ಪ ಕಮ್ಮಿ ಆಯ್ತು.

ನಮ್ಮಪ್ಪನಿಗೆ ಕನ್ನಡ ಕಾಣೋ ಫೋನ್ ಸಿಕ್ಕಿದ್ದು 2014ರಲ್ಲಿ. ಅಷ್ಟೊತ್ತಿಗೆ ಹಳೇ ಗಣಿ ಕೆಲಸಗಾರರೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಒಗ್ಗಿಹೋಗಿದ್ರು, ಅಂದ್ರೆ ಅವರ ಮಕ್ಕಳು ಒಗ್ಗಿಹೋಗಿದ್ರು. ಫೋನ್ ರೆಡಿ, ಕೀಬೋರ್ಡ್ ರೆಡಿ, ವಾಟ್ಸ್‌ಆ್ಯಪ್‌ನಲ್ಲಿ 70 ಅಕ್ಷರದ ಮಿತಿಯೂ ಇಲ್ಲ. ಮೆಸೇಜ್ ಮಾತ್ರ ಹಾಗೇ ಬರ್ತಾ ಇತ್ತು, ಇವತ್ತಿಗೂ ಹಾಗೇ ಬರುತ್ತೆ. ನಾನೂ ನನ್ನ ಬಿಕಾಂ ಗ್ರೂಪಿನಲ್ಲಿ ಹಾಗೇ ಬರೀತೀನಿ. ಬೆರಳಿಗೆ ಅದೇ ಅಭ್ಯಾಸ. ಮನೆ ಗ್ರೂಪಿನಲ್ಲಿ ಮಾತ್ರ ಕನ್ನಡ ಲಿಪಿ, ಅದೂ ಅಪ್ಪ ಓದ್ತಾರೆ ಅಂತ.

ಅವರ ಗ್ರೂಪಿನಲ್ಲಿ ಈಗ ಬೇರೆ ದಾರಿ ಹಿಡಿದಿದ್ದಾರೆ. ಯಾರೋ ತಮಿಳಲ್ಲಿ ವಾಯ್ಸ್ ಮೆಸೇಜ್ ಹಾಕ್ತಾರೆ, ಅಪ್ಪ ಕನ್ನಡದಲ್ಲಿ ಉತ್ತರ ಹೇಳ್ತಾರೆ, ಆಂಡರ್‌ಸನ್‌ಪೇಟೆಯ ಒಬ್ಬರು ತೆಲುಗಿನಲ್ಲಿ ಬೈತಾರೆ. ವಿಷಯ ಅದೇ, ಕ್ವಾರ್ಟರ್ಸ್ ಮನೆ ಯಾವಾಗ ಹೆಸರಿಗಾಗುತ್ತೆ ಅನ್ನೋದು.

ನಿಮ್ಮ ಮನೆಯ ಮೊದಲ ಟಚ್ ಫೋನ್ ಯಾವುದು, ಅದರಲ್ಲಿ ಕನ್ನಡ ಕಾಣ್ತಿತ್ತಾ, ಕಾಣದಿದ್ರೆ ಏನು ಉಪಾಯ ಮಾಡಿದ್ರಿ, ನನಗೆ ಕಳಿಸಿ. ವಾಯ್ಸ್ ಆದ್ರೂ ಸರಿ, ಬರೆದಾದ್ರೂ ಸರಿ, ಯಾವ ಅಕ್ಷರದಲ್ಲಾದ್ರೂ ಸರಿ. ಮುಂದಿನ ವಾರ ಹಾಡು ತುಂಬಿಸಿಕೊಡ್ತಿದ್ದ ಅಂಗಡಿಗಳ ಬಗ್ಗೆ ಮಾತಾಡೋಣ. ಬರ್ತೀನಿ.